ಸೀಮ್ ನೆಟ್ಟಗಿದ್ದರೆ ಸ್ವಿಂಗ್ ಬರುತ್ತದೆ

ಬೌಲರ್ ಕಾಲೂರುವ ಕ್ರೀಸಿನಿಂದ ಬ್ಯಾಟರ್ ನಿಲ್ಲುವ ಕ್ರೀಸಿಗೆ ಸುಮಾರು 17.7 ಮೀಟರ್. ಅಷ್ಟು ದೂರದಲ್ಲಿ ಚೆಂಡಿನ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ ಅದು 31 ಸೆಂಟಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಮೂರು ಸ್ಟಂಪುಗಳ ಒಟ್ಟು ಅಗಲವೇ 22.86 ಸೆಂಟಿಮೀಟರ್. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸದಲ್ಲಿ ಆಫ್ ಸ್ಟಂಪಿನ ಚೆಂಡು ಲೆಗ್ ಸ್ಟಂಪಿನ ಹೊರಗೆ ಬೀಳುತ್ತದೆ. ನಿಖರತೆ ಬೇಕು ಅನ್ನುವವರು ಇಷ್ಟು ಸೂಕ್ಷ್ಮವಾದದ್ದನ್ನು ಕೈಗೆ ಕಲಿಸಬೇಕು. ಅದನ್ನು ‘ಗುರಿ ನೋಡಿ ಹಾಕು’ ಅನ್ನುವ ಒಂದು ಮಾತಿನಿಂದ ಕಲಿಸಲಾಗದು.

ಸ್ವಿಂಗಿನ ಕಥೆಯೂ ಇದೇ. ಚೆಂಡನ್ನು ಗಾಳಿಯಲ್ಲಿ ವಾಲಿಸುವುದು ಹುಟ್ಟಿನಿಂದ ಬರಬೇಕಾದ ವಿದ್ಯೆ ಎಂದು ನಮ್ಮ ಹುಡುಗರು ನಂಬಿಬಿಟ್ಟಿದ್ದಾರೆ. ಸ್ವಿಂಗ್, ನಿಖರತೆ ಎರಡೂ ಹುಟ್ಟುವುದು ಒಂದೇ ಜಾಗದಲ್ಲಿ: ಚೆಂಡು ಬೆರಳು ಬಿಡುವ ಗಳಿಗೆಯಲ್ಲಿ ಮಣಿಕಟ್ಟು ಚೆಂಡಿನ ಹಿಂದೆ ಇದೆಯೋ, ಪಕ್ಕಕ್ಕೆ ಜಾರಿದೆಯೋ ಎಂಬುದರಲ್ಲಿ. ಹಾಗಾಗಿ ಎರಡನ್ನೂ ಒಂದೇ ಅಭ್ಯಾಸದಲ್ಲಿ ಕಲಿಯಬಹುದು.

ಕೆಜಿಎಫ್‌ನ ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರ್ಗಾಂ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ಇಲ್ಲಿನ ಮನೆಮನೆಯಿಂದ ಯಾರಾದರೂ ಒಬ್ಬರು ಬೆಳಗಿನ ರೈಲು ಹಿಡಿದು ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲೋ ಓದಲೋ ಹೋಗುತ್ತಾರೆ, ಕತ್ತಲಾದ ಮೇಲೆ ಮರಳುತ್ತಾರೆ. ಅಂಥವರಿಗೆ ದಿನವೂ ನೆಟ್ಸಿಗೆ ಹೋಗುವ ಪುರುಸೊತ್ತಿಲ್ಲ, ಅಕಾಡೆಮಿಯ ಫೀಸು ಕಟ್ಟುವ ಅನುಕೂಲವೂ ಇಲ್ಲ. ಒಂದು ಚೆಂಡು, ಒಬ್ಬ ಗೆಳೆಯ, ವಾರಕ್ಕೆ ಮೂರು ಹೊತ್ತು ಇದ್ದರೆ ಸಾಕಾಗುವಂತೆ ಈ ಹಂತಗಳನ್ನು ಇಟ್ಟಿದ್ದೇನೆ.

ವೇಗ ಇಲ್ಲ ಎಂಬ ಕೊರಗು ಬಿಡಿ

ಚೆಂಡಿನ ನಡುವೆ ಆರು ಸಾಲು ಹೊಲಿಗೆ ಇರುತ್ತದೆ. ಅದೇ ಸೀಮ್. ಮೈಗಿಂತ ತುಸು ಉಬ್ಬಿರುವ ಈ ಸೀಮ್ ಓರೆಯಾಗಿ ಮುಂದೆ ಸಾಗಿದಾಗ ಒಂದು ಬದಿಯ ಗಾಳಿಯನ್ನು ಕಲಕುತ್ತದೆ. ಕಲಕಿದ ಗಾಳಿ ಚೆಂಡಿನ ಮೈಗೆ ಹೆಚ್ಚು ದೂರ ಅಂಟಿಕೊಂಡು ಹಿಂಬದಿಯವರೆಗೂ ಹೋಗುತ್ತದೆ. ನುಣುಪಾದ ಇನ್ನೊಂದು ಬದಿಯಲ್ಲಿ ಗಾಳಿ ಬೇಗ ಮೈ ಬಿಡುತ್ತದೆ. ಎರಡೂ ಬದಿಯ ಒತ್ತಡದಲ್ಲಿ ಬರುವ ಈ ವ್ಯತ್ಯಾಸ ಚೆಂಡನ್ನು ಸೀಮ್ ಮುಖ ಮಾಡಿದ ಕಡೆಗೆ ತಳ್ಳುತ್ತದೆ. ಸ್ವಿಂಗ್ ಎಂದರೆ ಇಷ್ಟೇ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ರಬಿ ಮೆಹ್ತಾ ಮತ್ತು ಜೊತೆಗಾರರು ಗಾಳಿಸುರಂಗದಲ್ಲಿ ಚೆಂಡನ್ನಿಟ್ಟು ಅಳೆದು 1983ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೆಹ್ತಾ ಅವರ ಅಳತೆಗಳ ಪ್ರಕಾರ ಸೀಮ್ ಸುಮಾರು 20 ಡಿಗ್ರಿ ಓರೆಯಾಗಿದ್ದು, ವೇಗ ಸೆಕೆಂಡಿಗೆ 30 ಮೀಟರಿನ ಆಸುಪಾಸಿನಲ್ಲಿದ್ದಾಗ ಹೊಸ ಚೆಂಡಿನ ಸ್ವಿಂಗ್ ಹೆಚ್ಚು. ಅದನ್ನು ಗಂಟೆಯ ಲೆಕ್ಕಕ್ಕೆ ತಂದರೆ 108 ಕಿಲೋಮೀಟರ್. ಅದು ಮಧ್ಯಮ ವೇಗ! ಅದಕ್ಕಿಂತ ತೀರಾ ಜೋರಾಗಿ ಹಾಕಿದರೆ ನುಣುಪು ಬದಿಯ ಗಾಳಿಯೂ ಕಲಕಿಹೋಗಿ ಸಹಜ ಸ್ವಿಂಗ್ ಕುಗ್ಗುತ್ತದೆ.

ಇದಕ್ಕೆ ನಮ್ಮಲ್ಲೇ ಸಾಕ್ಷಿಗಳಿವೆ. 1983ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ. ಅವರು ವೇಗದಿಂದ ಯಾರನ್ನೂ ಹೆದರಿಸಲಿಲ್ಲ, ಇಂಗ್ಲೆಂಡಿನ ಗಾಳಿಗೆ ಸೀಮ್ ಕೊಟ್ಟರು. 1999ರ ವಿಶ್ವಕಪ್ಪಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಪಾಕಿಸ್ತಾನದ ವಿರುದ್ಧ ವೆಂಕಟೇಶ ಪ್ರಸಾದ್ 27 ರನ್ನಿಗೆ 5 ವಿಕೆಟ್ ಕಿತ್ತಾಗಲೂ ಅವರಲ್ಲಿದ್ದದ್ದು ಮಣಿಕಟ್ಟು ಮತ್ತು ಬೆರಳಿನ ಹಿಡಿತ. ದಾವಣಗೆರೆಯ ವಿನಯ್ ಕುಮಾರ್ ಪ್ರಥಮ ದರ್ಜೆಯಲ್ಲಿ 500 ವಿಕೆಟ್ ದಾಟಿದ್ದು ಅದೇ ಮಧ್ಯಮ ವೇಗದಲ್ಲಿ. 2004ರಲ್ಲಿ ಕ್ಯಾಂಡಿಯಲ್ಲಿ ಶ್ರೀಲಂಕಾ ವಿರುದ್ಧ 10 ರನ್ನಿಗೆ 6 ವಿಕೆಟ್ ಪಡೆದ ಕರ್ನಾಟಕದ ಮಮತಾ ಮಾಬೆನ್ ಕೂಡ ಮಧ್ಯಮ ವೇಗದವರೇ.

ಇನ್ನೊಂದು ಲೆಕ್ಕ ತಿಳಿದಿರಲಿ. ಚೆಂಡನ್ನು ಪಕ್ಕಕ್ಕೆ ತಳ್ಳುವ ಬಲ ದಾರಿಯುದ್ದಕ್ಕೂ ಒಂದೇ ಸಮ ಇದ್ದರೆ ಅರ್ಧ ದಾರಿಯಲ್ಲಿ ಆಗುವ ವಾಲಾಟ ಒಟ್ಟು ವಾಲಾಟದ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಭಾಗ ಬ್ಯಾಟರ್ ಹತ್ತಿರದ ಅರ್ಧದಲ್ಲಿ ಆಗುತ್ತದೆ. ‘ಲೇಟ್ ಸ್ವಿಂಗ್’ ಎಂದು ನಾವು ಬೆರಗಾಗುವುದರಲ್ಲಿ ಬಹುಪಾಲು ಇದೇ. ಅದಕ್ಕೆ ಗುಟ್ಟಿನ ಹಿಡಿತ ಹುಡುಕಬೇಕಾಗಿಲ್ಲ. ಕೊನೆಯವರೆಗೂ ಸೀಮ್ ಅಲುಗದಂತೆ ನೋಡಿಕೊಂಡರೆ ಲೇಟ್ ಸ್ವಿಂಗ್ ಜೊತೆಗೇ ಬರುತ್ತದೆ.

ನಮ್ಮ ಊರಿಗೆ ಸಂಬಂಧಿಸಿದ ಒಂದು ವಿಷಯ. ಕೆಜಿಎಫ್ ಕಡಲಮಟ್ಟಕ್ಕಿಂತ ಸುಮಾರು 850 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಕಡಲ ತೀರಕ್ಕಿಂತ ನೂರಕ್ಕೆ ಎಂಟರಷ್ಟು ಕಡಿಮೆ, ಪಕ್ಕಕ್ಕೆ ತಳ್ಳುವ ಬಲವೂ ಅಷ್ಟೇ ಕಡಿಮೆ. ಮಂಗಳೂರಿನ ಬೌಲರ್‌ಗೆ ಸಿಗುವ ಸ್ವಿಂಗ್ ಸಿಗಬೇಕಾದರೆ ನಮ್ಮ ಬೌಲರ್‌ನ ಸೀಮ್ ಅವನಿಗಿಂತ ನೆಟ್ಟಗಿರಬೇಕು. ಇಲ್ಲಿ ಪಳಗಿದ ಕೈ ತಗ್ಗಿನ ಊರುಗಳಿಗೆ ಹೋದಾಗ ಲಾಭದಲ್ಲಿರುತ್ತದೆ.

ಎಲ್ಲಿ ಆಡಬೇಕು, ಎಂಥ ಚೆಂಡು

ಮೊದಲು ಎಲ್ಲಿ ಆಡಬಾರದು ಎಂಬುದನ್ನು ಹೇಳಿಬಿಡುತ್ತೇನೆ. ಸೈನೈಡ್ ದಿಬ್ಬಗಳ ಬುಡ ಸಮತಟ್ಟಾಗಿದೆ, ವಿಶಾಲವಾಗಿದೆ, ಯಾರೂ ಓಡಿಸುವವರಿಲ್ಲ ಎಂದು ಹುಡುಗರು ಅಲ್ಲೇ ಸ್ಟಂಪ್ ನೆಡುತ್ತಾರೆ. ಆ ದಿಬ್ಬಗಳು ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಹುಡಿ. ಕಲ್ಲಿನ ಸಣ್ಣ ಹುಡಿ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂಬುದನ್ನು ಗಣಿಯಲ್ಲಿ ದುಡಿದವರ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ವೇಗದ ಬೌಲರ್ ಓಡುತ್ತಾ ಬಾಯಿಂದ ಉಸಿರೆಳೆಯುತ್ತಾನೆ. ಬೇಸಿಗೆಯಲ್ಲಿ ಗಾಳಿ ಎದ್ದ ದಿನ ದಿಬ್ಬದಿಂದ ಗಾಳಿ ಬೀಸುವ ಕಡೆಯಲ್ಲಿ ಅಭ್ಯಾಸ ಬೇಡ. ನುಣ್ಣಗಿದೆ ಎಂದು ಆ ಮಣ್ಣನ್ನು ತಂದು ಪಿಚ್ಚಿಗೆ ಹರಡುವುದಂತೂ ಬೇಡವೇ ಬೇಡ. ಹಳೆಯ ಗಣಿಬಾವಿಗಳ ಬೇಲಿ ದಾಟಿ ಚೆಂಡು ಹೋದರೆ ಹೋಗಲಿ, ಅದನ್ನು ತರಲು ಒಳಗೆ ಇಳಿಯಬೇಡಿ.

ಶಾಲೆಯ ಮೈದಾನ, ಬಡಾವಣೆಯ ಬಯಲು, ಯಾವುದಾದರೂ ಸರಿ. ಕಾಲೂರುವ ಜಾಗ ಜಾರದೆ, ಗುಂಡಿಯಿಲ್ಲದೆ ಇರಬೇಕು. ಬೌಲರ್‌ಗೆ ಇದೇ ಮೊದಲ ಷರತ್ತು. ನಾಲ್ಕಾರು ಮಂದಿ ಸೇರಿ ಒಂದು ಮ್ಯಾಟ್ ಕೊಂಡರೆ ಒಳ್ಳೆಯದು. ಕರ್ನಾಟಕದ ಲೀಗ್ ಕ್ರಿಕೆಟ್ ಬಹಳ ಕಾಲ ಬೆಳೆದದ್ದು ತೆಂಗಿನ ನಾರಿನ ಮ್ಯಾಟ್ ಮೇಲೆಯೇ.

ಚೆಂಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಟೆನಿಸ್ ಬಾಲಿನಲ್ಲಿ ಸ್ವಿಂಗ್ ಕಲಿಯಲು ಹೋಗಬೇಡಿ. ಅದರಲ್ಲಿ ಲೈನ್, ಯಾರ್ಕರ್, ಧೈರ್ಯ ಎಲ್ಲವನ್ನೂ ಕಲಿಯಬಹುದು. ಆದರೆ ಎದ್ದ ಸೀಮ್ ಇಲ್ಲದ ಚೆಂಡು ಮಣಿಕಟ್ಟಿನ ತಪ್ಪನ್ನು ತೋರಿಸಿಕೊಡುವುದಿಲ್ಲ. ಕರ್ನಾಟಕದ ವೇಗಿ ಅಭಿಮನ್ಯು ಮಿಥುನ್ 17 ವರ್ಷದವರೆಗೆ ಲೆದರ್ ಬಾಲ್ ಹಿಡಿದವರಲ್ಲ, ಅಥ್ಲೆಟಿಕ್ಸಿನಲ್ಲಿ ಇದ್ದವರು. 2009ರಲ್ಲಿ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದರು. ತಡವಾಯಿತು ಎಂದು ಯಾರೂ ಕೈಚೆಲ್ಲಬೇಕಾಗಿಲ್ಲ, ಆದರೆ ಲೆದರ್ ಬಾಲಿಗೆ ಇವತ್ತೇ ಬನ್ನಿ.

ಪುರುಷರ ಚೆಂಡಿನ ತೂಕ 155.9ರಿಂದ 163 ಗ್ರಾಂ, ಮಹಿಳೆಯರದು 140ರಿಂದ 151, ಹದಿಮೂರರೊಳಗಿನ ಮಕ್ಕಳದು 133ರಿಂದ 144. ಅಣ್ಣನ ಚೆಂಡನ್ನು ತಮ್ಮನ ಕೈಗೆ ಕೊಟ್ಟರೆ ಸಣ್ಣ ಬೆರಳುಗಳು ಸೀಮನ್ನು ಹಿಡಿಯಲಾಗದೆ ಅಂಗೈಯಲ್ಲಿ ಅಮುಕುತ್ತವೆ. ಆ ಅಭ್ಯಾಸ ಬಿಡಿಸಲು ಆಮೇಲೆ ವರ್ಷಗಳೇ ಬೇಕಾಗುತ್ತವೆ.

ಇಲ್ಲಿನ ಜಲ್ಲಿಗಲ್ಲಿನ ನೆಲದ ಮೇಲೆ ಹೊಸ ಚೆಂಡು ಕೆಲವೇ ಓವರುಗಳಲ್ಲಿ ಎರಡೂ ಬದಿ ತರಚಿಹೋಗುತ್ತದೆ. ಅದಕ್ಕೇ ಎರಡು ಚೆಂಡು ಇಟ್ಟುಕೊಳ್ಳಿ. ಹಳೆಯದು ನೆಲಕ್ಕೆ ಬೀಳುವ ಅಭ್ಯಾಸಕ್ಕೆ. ಒಳ್ಳೆಯದು ಕೈಯಿಂದ ಕೈಗೆ ಎಸೆಯುವ ಅಭ್ಯಾಸಕ್ಕೆ ಮತ್ತು ಮ್ಯಾಟಿಗೆ ಮಾತ್ರ. ಪ್ರತಿ ಎಸೆತದ ನಂತರ ಒಂದೇ ಬದಿಯನ್ನು ಬಟ್ಟೆಗೆ ಉಜ್ಜಿ. ಎಂಜಲು ಹಚ್ಚುವ ಚಾಳಿ ಬೇಡ. ಕೋವಿಡ್ ಕಾಲದಲ್ಲಿ ಬಂದ ಆ ನಿಷೇಧವನ್ನು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ 2022ರಲ್ಲಿ ಕಾಯಂ ಮಾಡಿತು. ಬೆವರು ಸಾಕು.

ಹಿಡಿತ

ಇದನ್ನು ಬೇಗ ಮುಗಿಸುತ್ತೇನೆ. ಹಿಡಿತದ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಮಾತಾಗಿಬಿಟ್ಟಿದೆ.

ತೋರುಬೆರಳು, ನಡುಬೆರಳು ಸೀಮಿನ ಎರಡು ಪಕ್ಕದಲ್ಲಿ, ನಡುವೆ ಹೆಚ್ಚು ಜಾಗವಿಲ್ಲದೆ. ಕೆಳಗೆ ಹೆಬ್ಬೆರಳು ಸೀಮಿನ ಮೇಲೆ. ಚೆಂಡಿಗೂ ಅಂಗೈಗೂ ನಡುವೆ ಬೆಳಕು ಕಾಣಬೇಕು. ಗೆಳೆಯ ಮೆಲ್ಲಗೆ ಎಳೆದರೆ ಚೆಂಡು ಜಾರಿ ಬರುವಷ್ಟು ಸಡಿಲ ಇರಲಿ.

ಬಲಗೈ ಬ್ಯಾಟರ್‌ಗೆ ಔಟ್‌ಸ್ವಿಂಗ್ ಹಾಕಬೇಕಾದರೆ ಸೀಮ್ ಮೊದಲ ಸ್ಲಿಪ್ ಕಡೆಗೆ ಮುಖ ಮಾಡಿರಲಿ, ಹೊಳಪು ಬದಿ ಲೆಗ್ ಕಡೆಗೆ. ಹೆಬ್ಬೆರಳಿನ ಅಂಚು ಸೀಮನ್ನು ಮುಟ್ಟಿರಲಿ. ಇನ್‌ಸ್ವಿಂಗಿಗೆ ಸೀಮ್ ಲೆಗ್ ಸ್ಲಿಪ್ ಕಡೆಗೆ, ಹೊಳಪು ಆಫ್ ಕಡೆಗೆ, ಹೆಬ್ಬೆರಳಿನ ಮೆದು ಭಾಗ ಸೀಮಿಗೆ. ಎಡಗೈ ಬೌಲರ್‌ಗೂ ಲೆಕ್ಕ ಇದೇ, ಸೀಮ್ ಎತ್ತ ನೋಡುತ್ತದೋ ಚೆಂಡು ಅತ್ತ. ಓರೆ 20 ಡಿಗ್ರಿ ಸಾಕು. ಗಡಿಯಾರದ ಹನ್ನೆರಡಕ್ಕೂ ಹನ್ನೊಂದಕ್ಕೂ ನಡುವೆ 30 ಡಿಗ್ರಿ ಇರುತ್ತದೆ, ಅದಕ್ಕಿಂತ ಕಡಿಮೆ. ಹೆಚ್ಚು ಓರೆ ಹಿಡಿದರೆ ಹೆಚ್ಚು ಸ್ವಿಂಗ್ ಎಂಬುದು ತಪ್ಪು ತಿಳಿವಳಿಕೆ.

ಮಣಿಕಟ್ಟಿಗೆ ಆರು ವಾರ

ಇಡೀ ಲೇಖನದ ಜೀವ ಇಲ್ಲಿದೆ. ಬೇರೆ ಎಲ್ಲವನ್ನೂ ಬಿಟ್ಟು ಇದೊಂದನ್ನು ಮಾಡಿದರೂ ನಿಮ್ಮ ಬೌಲಿಂಗ್ ಬದಲಾಗುತ್ತದೆ.

ಚೆಂಡು ಕೈ ಬಿಡುವಾಗ ಬೆರಳುಗಳು ಸೀಮಿನ ಹಿಂದಿನಿಂದ ಕೆಳಕ್ಕೆ ಎಳೆಯಬೇಕು. ಆಗ ಚೆಂಡು ಹಿಮ್ಮುಖವಾಗಿ ಸುತ್ತುತ್ತಾ ಹೋಗುತ್ತದೆ. ಸುತ್ತುವ ಬುಗುರಿ ಬೀಳದೆ ನಿಲ್ಲುವ ಹಾಗೆ, ಈ ಸುತ್ತು ಸೀಮನ್ನು ಅಲುಗದಂತೆ ಹಿಡಿದಿಡುತ್ತದೆ. ಮೆಹ್ತಾ ಅವರ ಅಳತೆಯಲ್ಲಿ ಸೆಕೆಂಡಿಗೆ ಹನ್ನೊಂದು ಸುತ್ತಿನ ಆಸುಪಾಸು ಅನುಕೂಲಕರ. ಮಣಿಕಟ್ಟು ಸ್ವಲ್ಪ ಪಕ್ಕಕ್ಕೆ ಮಡಚಿದರೆ ಸೀಮ್ ತೂರಾಡುತ್ತದೆ. ತೂರಾಡುವ ಸೀಮ್ ನೆಲಕ್ಕೆ ಬಿದ್ದ ಮೇಲೆ ಏನಾದರೂ ಮಾಡೀತು, ಗಾಳಿಯಲ್ಲಿ ಮಾತ್ರ ವಾಲುವುದಿಲ್ಲ.

ಮೊದಲು ಒಂದು ಹಳೆಯ ಚೆಂಡಿನ ಒಂದು ಬದಿಗೆ ಬಿಳಿ ಪೇಂಟ್ ಬಳಿದು ಒಣಗಿಸಿ. ಸೀಮ್ ನೆಟ್ಟಗೆ ಹೋದರೆ ಕೆಂಪು, ಬಿಳುಪು ಎರಡೂ ಬೇರೆಬೇರೆಯಾಗಿ ಸ್ಪಷ್ಟವಾಗಿ ಕಾಣುತ್ತವೆ. ತೂರಾಡಿದರೆ ಎರಡೂ ಕಲಸಿ ಗುಲಾಬಿ ಕಾಣುತ್ತದೆ. ಇದಕ್ಕಿಂತ ಪ್ರಾಮಾಣಿಕ ಗುರು ಇಲ್ಲ.

ಮೊದಲ ಹಂತ ಮನೆಯಲ್ಲಿ. ಲೈನ್ ಮನೆಗಳಲ್ಲಿ ಕೈ ಬೀಸಲು ಜಾಗವಿರದಿದ್ದರೂ ಪರವಾಗಿಲ್ಲ. ರಾತ್ರಿ ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕೈ ನೆಲಕ್ಕೆ ಊರಿ, ಬರೀ ಮಣಿಕಟ್ಟು ಬೆರಳಿನಿಂದ ಚೆಂಡನ್ನು ಒಂದೆರಡು ಅಡಿ ಮೇಲಕ್ಕೆ ಚಿಮ್ಮಿಸಿ ಹಿಡಿಯಿರಿ. ಸೀಮ್ ನೆಟ್ಟಗೆ ಮೇಲೆ ಹೋಗಿ ನೆಟ್ಟಗೆ ಬರಬೇಕು. ದಿನಕ್ಕೆ ಹತ್ತು ನಿಮಿಷ. ಮೊದಲ ವಾರ ಬೇಸರ ಬರುತ್ತದೆ, ಬಿಡಬೇಡಿ.

ಎರಡನೆಯದು ಗೆಳೆಯನ ಜೊತೆ. ಹತ್ತು ಮೀಟರ್ ದೂರದಲ್ಲಿ ಎದುರುಬದುರು ನಿಂತು, ಕೈಯನ್ನು ಕಿವಿಯ ಪಕ್ಕಕ್ಕೆ ಎತ್ತಿ ಚೆಂಡನ್ನು ನೆಲಕ್ಕೆ ತಾಗಿಸದೆ ಕಳಿಸಿ. ಜೋರು ಬೇಡ. ಹಿಡಿಯುವವನು ಪ್ರತಿ ಸಲ ‘ನೆಟ್ಟಗೆ’ ಅಥವಾ ‘ಗುಲಾಬಿ’ ಎಂದು ಕೂಗಿ ಹೇಳಲಿ. ಹಾಕಿದವನಿಗೆ ತನ್ನ ಸೀಮ್ ಸರಿಯಾಗಿ ಕಾಣುವುದಿಲ್ಲ, ಎದುರಿನವನಿಗೆ ಕಾಣುತ್ತದೆ.

ಮೂರನೆಯದು ಮಂಡಿಯೂರಿ. ಬಲಗೈ ಬೌಲರ್ ಬಲ ಮಂಡಿ ನೆಲಕ್ಕೆ ಊರಿ, ಎಡ ಪಾದ ಮುಂದಿಟ್ಟು, ಎಡಗೈಯನ್ನು ಗುರಿಯತ್ತ ಚಾಚಿ ಕೆಳಗೆಳೆಯುತ್ತಾ ಬಲಗೈ ತಿರುಗಿಸಿ. ಕಾಲಿನ ಸಹಾಯ ಇಲ್ಲದ್ದರಿಂದ ಭುಜ ಮತ್ತು ಮಣಿಕಟ್ಟಿನ ತಪ್ಪುಗಳೆಲ್ಲ ಬಯಲಾಗುತ್ತವೆ. ಇಲ್ಲಿ 12 ಚೆಂಡಿನಲ್ಲಿ 9 ನೆಟ್ಟಗೆ ಹೋಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಆಮೇಲೆ ನಿಂತಲ್ಲಿಂದ. ಆಮೇಲೆ ಮೂರು ಹೆಜ್ಜೆ ನಡೆದು. ಆಮೇಲೆ ಅರ್ಧ ರನ್‌ಅಪ್. ಪ್ರತಿ ಹಂತಕ್ಕೂ ಒಂದು ವಾರ ಕೊಟ್ಟರೆ ಆರು ವಾರ ಬೇಕು. ಸೀಮ್ ಕೆಟ್ಟಿತೋ, ನಾಚಿಕೆಪಡದೆ ಒಂದು ಹಂತ ಹಿಂದಕ್ಕೆ ಬನ್ನಿ. ದೊಡ್ಡ ಬೌಲರ್‌ಗಳೂ ಗಾಯದಿಂದ ಮರಳುವಾಗ ನಿಂತಲ್ಲಿಂದ ಹಾಕಿಯೇ ಶುರುಮಾಡುತ್ತಾರೆ.

ಮೊದಲು ಔಟ್‌ಸ್ವಿಂಗ್ ಒಂದನ್ನೇ ಕಲಿಯಿರಿ. ಎರಡನ್ನೂ ಒಟ್ಟಿಗೆ ಕಲಿಯಹೊರಟವರ ಕೈಯಲ್ಲಿ ಎರಡೂ ಅರ್ಧಂಬರ್ಧ ಉಳಿಯುತ್ತವೆ. ಯಾರ ಚೆಂಡು ಸಹಜವಾಗಿ ಒಳಗೆ ಬರುತ್ತದೋ ಅವರು ಇನ್‌ಸ್ವಿಂಗಿನಿಂದ ಶುರುಮಾಡಲಿ. ಸಹಜವಾದದ್ದನ್ನು ಕೆಡಿಸಿ ಇನ್ನೊಂದನ್ನು ತರುವ ತರಬೇತಿ ನನಗೆ ಒಪ್ಪಿಗೆಯಿಲ್ಲ.

ರನ್‌ಅಪ್ ಅಳತೆ

ಲೈನ್ ತಪ್ಪುವ ಬಹಳಷ್ಟು ಹುಡುಗರಲ್ಲಿ ತಪ್ಪಿರುವುದು ಓಟದಲ್ಲಿ. ಕ್ರೀಸ್ ಹತ್ತಿರ ಬಂದಾಗ ಹೆಜ್ಜೆ ಚಿಕ್ಕದು ಮಾಡುತ್ತಾರೆ, ಇಲ್ಲವೇ ಎಟಕಿಸಿ ಹಾರುತ್ತಾರೆ. ತಲೆ ಪಕ್ಕಕ್ಕೆ ಬೀಳುತ್ತದೆ. ಆ ಒಂದು ಡಿಗ್ರಿ ಅಲ್ಲೇ ಕಳೆದುಹೋಗುತ್ತದೆ.

ಕ್ರೀಸಿಗೆ ಬೆನ್ನು ಮಾಡಿ ನಿಂತು ಮೈದಾನದ ಕಡೆಗೆ ಸಹಜವಾಗಿ ಓಡಿ, ಹಾಯಾಗಿ ಅನಿಸಿದ ಕಡೆ ಚೆಂಡು ಹಾಕಿ. ಗೆಳೆಯ ನಿಮ್ಮ ಮುಂಗಾಲು ಬಿದ್ದ ಜಾಗಕ್ಕೆ ಗುರುತು ಹಾಕಲಿ. ಐದಾರು ಸಲ ಮಾಡಿ, ಗುರುತುಗಳು ಗುಂಪಾಗಿ ಬಿದ್ದ ಜಾಗವೇ ನಿಮ್ಮ ರನ್‌ಅಪ್ ಉದ್ದ. ಅದನ್ನು ಪಾದದ ಲೆಕ್ಕದಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಪ್ರತಿ ಹೊಸ ಮೈದಾನದಲ್ಲೂ ಪಾದದಿಂದಲೇ ಅಳೆಯಿರಿ, ಅಂದಾಜಿಗೆ ಬಿಡಬೇಡಿ. ಮೊದಲ ಹೆಜ್ಜೆ ಯಾವ ಕಾಲಿನದು ಎಂಬುದೂ ದಿನವೂ ಒಂದೇ ಆಗಿರಲಿ.

ಕ್ರೀಸಿನಲ್ಲಿ ಮೂರು ವಿಷಯ ನೋಡಿಕೊಂಡರೆ ಸಾಕು. ಹಿಂಗಾಲು, ಮುಂಗಾಲು, ಗುರಿ ಮೂರೂ ಒಂದೇ ಗೆರೆಯಲ್ಲಿರಲಿ. ತಲೆ ನೆಟ್ಟಗೆ ಇರಲಿ, ಕಣ್ಣು ಗುರಿಯ ಮೇಲಿರಲಿ. ಚೆಂಡು ಬಿಟ್ಟ ಮೇಲೆ ಕೈ ಎದುರು ಸೊಂಟದವರೆಗೆ ಹೋಗಿ ನಿಲ್ಲಲಿ. ಸೊಂಟ ಒಂದು ಕಡೆ, ಭುಜ ಒಂದು ಕಡೆ ತಿರುಗಿದ ಶೈಲಿ ಬೆನ್ನುಮೂಳೆಗೆ ಅಪಾಯ. ಅಂಥ ತಿರುಚು ಕಂಡರೆ ತಿಳಿದ ತರಬೇತುದಾರರ ಬಳಿ ಕೂಡಲೇ ತೋರಿಸಿ. ಮೊಬೈಲಿನ ನಿಧಾನಗತಿಯ ವಿಡಿಯೊವನ್ನು ಹಿಂದಿನಿಂದ ಮತ್ತು ಪಕ್ಕದಿಂದ ತೆಗೆದರೆ ಇದು ನಿಮಗೇ ಕಾಣುತ್ತದೆ.

ನಿಮ್ಮ ಲೆಂತ್ ನಿಮ್ಮದೇ

ಟಿವಿಯಲ್ಲಿ ಬಣ್ಣದ ಪಟ್ಟಿ ತೋರಿಸಿ ‘ಗುಡ್ ಲೆಂತ್ 6ರಿಂದ 8 ಮೀಟರ್’ ಅನ್ನುತ್ತಾರೆ. ಅದು ಗಂಟೆಗೆ 135, 140 ಕಿಲೋಮೀಟರಿನವರ ಲೆಕ್ಕ. ನೂರರ ವೇಗದ ಹುಡುಗ ಅಲ್ಲಿ ಹಾಕಿದರೆ ಬ್ಯಾಟರ್ ಹಿಂದಕ್ಕೆ ಸರಿದು ಆರಾಮಾಗಿ ಹೊಡೆಯುತ್ತಾನೆ. ಸ್ವಿಂಗ್ ಬೌಲರ್ ಚೆಂಡನ್ನು ಇನ್ನೂ ಮುಂದಕ್ಕೆ ಹಾಕಬೇಕು, ಬೇಗ ನೆಲಕ್ಕೆ ಬಿದ್ದರೆ ವಾಲಲು ಸಮಯವೇ ಸಿಗುವುದಿಲ್ಲ.

ನಿಮ್ಮ ಲೆಂತನ್ನು ಹೀಗೆ ಹುಡುಕಿ. ಬ್ಯಾಟರ್ ಇಲ್ಲದೆ ಸ್ಟಂಪ್ ನೆಟ್ಟು ಪೂರ್ಣ ರನ್‌ಅಪ್ಪಿನಿಂದ ಹಾಕಿ. ಯಾವ ಚೆಂಡು ಆಫ್ ಸ್ಟಂಪಿನ ತುದಿಗೆ ತಾಗುತ್ತದೋ ಅದು ನೆಲಕ್ಕೆ ಬಿದ್ದ ಜಾಗವನ್ನು ಗೆಳೆಯ ಸುಣ್ಣದಿಂದ ಗುರುತು ಮಾಡಲಿ. ಮೂರು ನಾಲ್ಕು ಗುರುತುಗಳಾದ ಮೇಲೆ ಸ್ಟಂಪಿನಿಂದ ಅಳೆಯಿರಿ. ಮಧ್ಯಮ ವೇಗದ ಹುಡುಗರಿಗೆ ಅದು ಸಾಮಾನ್ಯವಾಗಿ 4ರಿಂದ 6 ಮೀಟರ್ ಒಳಗೆ ಬರುತ್ತದೆ. ಎತ್ತರದವರಿಗೆ, ಮ್ಯಾಟ್ ಮೇಲೆ ಹಾಕುವವರಿಗೆ ಚೆಂಡು ಹೆಚ್ಚು ಏಳುವುದರಿಂದ ಇನ್ನೂ ಮುಂದಕ್ಕೆ ಬೇಕಾಗುತ್ತದೆ. ಮಳೆ ಬಂದು ನೆಲ ಮೆದುವಾದ ವಾರ ಮತ್ತೆ ಅಳೆಯಿರಿ.

ಆ ಜಾಗದಲ್ಲಿ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಚೌಕ ಬರೆಯಿರಿ. ಔಟ್‌ಸ್ವಿಂಗ್ ಹಾಕುವವರ ಚೌಕ ಮಧ್ಯ ಸ್ಟಂಪಿನ ನೇರದಿಂದ ಆಫ್ ಸ್ಟಂಪಿನ ಹೊರಕ್ಕೆ ಚಾಚಿರಲಿ. ಒಂದು ಸುತ್ತಿಗೆ 24 ಚೆಂಡು. ಚೌಕದೊಳಗೆ ಬಿದ್ದರೆ ಒಂದು ಅಂಕ, ಸೀಮ್ ನೆಟ್ಟಗಿದ್ದರೆ ಇನ್ನೊಂದು. 48ಕ್ಕೆ ಎಷ್ಟು ಬಂತು ಎಂದು ತಾರೀಕು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅರ್ಧ ಮುಟ್ಟುವುದಕ್ಕೇ ಮೊದಲ ತಿಂಗಳು ಹೋಗಬಹುದು. ಮೂವತ್ತು ನಿಯತವಾಗಿ ಬರತೊಡಗಿದಾಗ ಚೌಕದ ಅಗಲವನ್ನು 30 ಸೆಂಟಿಮೀಟರಿಗೆ ಇಳಿಸಿ.

ಚೌಕ ತಪ್ಪಿದ ಚೆಂಡುಗಳು ಎಲ್ಲಿ ಬಿದ್ದವು ಎಂದೂ ಗುರುತಿಡಿ, ಈ ಮಾಹಿತಿಗೆ ಬಹಳ ಬೆಲೆಯಿದೆ. ಎಲ್ಲವೂ ಲೆಗ್ ಕಡೆಗೆ ಬಿದ್ದರೆ ಮುಂಗಾಲು ಅಡ್ಡ ಬೀಳುತ್ತಿದೆಯೋ, ತಲೆ ವಾಲುತ್ತಿದೆಯೋ ನೋಡಿ. ಎಲ್ಲವೂ ಹಿಂದೆ ಬಿದ್ದರೆ ಚೆಂಡನ್ನು ತಡವಾಗಿ ಬಿಡುತ್ತಿದ್ದೀರಿ, ಫುಲ್‌ಟಾಸ್ ಆಗುತ್ತಿದ್ದರೆ ಬೇಗ ಬಿಡುತ್ತಿದ್ದೀರಿ. ಎಲ್ಲ ಕಡೆ ಚದುರಿದ್ದರೆ ಅದು ರನ್‌ಅಪ್ಪಿನ ತೊಂದರೆ, ಅಥವಾ ಬರೀ ದಣಿವು. ಆಗ ನಿಲ್ಲಿಸಿ ಮನೆಗೆ ಹೋಗಿ. ದಣಿದ ಕೈ ತಪ್ಪನ್ನೇ ಕಲಿಯುತ್ತದೆ.

ಗಾಳಿ ಯಾವ ಕಡೆಯಿಂದ

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಬಯಲಿನಲ್ಲಿ ಪಡುವಣ ಗಾಳಿ ಜೋರು. ಪಿಚ್‌ಗಳು ವಾಡಿಕೆಯಂತೆ ಉತ್ತರ-ದಕ್ಷಿಣವಾಗಿ ಇರುವುದರಿಂದ ಆ ಗಾಳಿ ಅಡ್ಡಕ್ಕೆ ಬೀಸುತ್ತದೆ. ಉತ್ತರದ ತುದಿಯಿಂದ ದಕ್ಷಿಣಕ್ಕೆ ಹಾಕುವವನಿಗೆ ಗಾಳಿ ಬಲದಿಂದ ಎಡಕ್ಕೆ, ಅಂದರೆ ಬಲಗೈ ಬ್ಯಾಟರ್‌ನ ಸ್ಲಿಪ್ ಕಡೆಗೆ. ಔಟ್‌ಸ್ವಿಂಗ್ ಬೌಲರ್ ಆ ತುದಿಯನ್ನು ಕೇಳಿ ಪಡೆಯಲಿ. ದಕ್ಷಿಣದ ತುದಿ ಇನ್‌ಸ್ವಿಂಗಿನವರಿಗೆ. ಗಾಳಿಗೆ ಎದುರಾಗಿ ಹಾಕುವುದನ್ನು ಯಾರೂ ಬಯಸುವುದಿಲ್ಲ, ಆದರೆ ಸ್ವಿಂಗಿಗೆ ಅದು ಒಳ್ಳೆಯದೇ. ಎದುರುಗಾಳಿಯಲ್ಲಿ ಚೆಂಡು ಗಾಳಿಯನ್ನು ಹೆಚ್ಚು ವೇಗದಲ್ಲಿ ಸೀಳುತ್ತದೆ.

ಮೋಡ ಕವಿದರೆ ಚೆಂಡು ಹೆಚ್ಚು ವಾಲುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಗಾಳಿಸುರಂಗದ ಪರೀಕ್ಷೆಗಳಲ್ಲಿ ತೇವಾಂಶದಿಂದಲೇ ಸ್ವಿಂಗ್ ಹೆಚ್ಚಿದ್ದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಮೋಡ ನೋಡಿ ಹುರುಪಾಗುವುದಾದರೆ ಆಗಲಿ, ಬಿಸಿಲು ನೋಡಿ ಸೋಲುವುದು ಬೇಡ.

ರಿವರ್ಸ್ ಸ್ವಿಂಗ್ ಬಗ್ಗೆ ಇಲ್ಲಿ ಬರೆಯುತ್ತಿಲ್ಲ. ಅದಕ್ಕೆ ಬೇಕಾದ ವೇಗ ಬರುವವರೆಗೆ ಅದರ ಹಿಂದೆ ಹೋಗುವುದು ಸಮಯ ಹಾಳು.

ಬೆನ್ನು ಉಳಿದರೆ ಬೌಲರ್ ಉಳಿದಾನು

ನಮ್ಮ ಹುಡುಗರಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ಭಾನುವಾರ ಎರಡು ಮ್ಯಾಚ್ ಆಡಿ, ಎರಡರಲ್ಲೂ ಪೂರ್ತಿ ಓವರ್ ಹಾಕಿ, ಸಂಜೆ ಮತ್ತೆ ನೆಟ್ಸ್ ಮಾಡುವವರಿದ್ದಾರೆ. ಬೆಳೆಯುವ ವಯಸ್ಸಿನ ಬೆನ್ನುಮೂಳೆ ಇದನ್ನು ತಡೆಯುವುದಿಲ್ಲ. ಕೆಳಬೆನ್ನಿನ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟರೆ ತಿಂಗಳುಗಟ್ಟಲೆ ಆಟವೇ ಇಲ್ಲ. ಜಾವಗಲ್ ಶ್ರೀನಾಥ್ ಅವರಂಥ ಗಟ್ಟಿ ದೇಹದವರೇ ಭುಜದ ಗಾಯದಿಂದ 1997ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಕಳೆದುಕೊಂಡರು.

ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಎಳೆಯ ವೇಗಿಗಳಿಗೆ ಹಾಕಿದ್ದ ಮಿತಿ ನಮಗೂ ಹೊಂದುತ್ತದೆ: 13ರವರೆಗೆ ಒಂದು ಸ್ಪೆಲ್ಲಿಗೆ 5 ಓವರ್, ದಿನಕ್ಕೆ 10. 15 ವರ್ಷದೊಳಗೆ 6 ಮತ್ತು 12. 17ರೊಳಗೆ 7 ಮತ್ತು 18. ನೆಟ್ಸಿನ ಚೆಂಡುಗಳನ್ನೂ ಈ ಲೆಕ್ಕಕ್ಕೆ ಸೇರಿಸಿ. ಸತತ ಎರಡು ದಿನಕ್ಕಿಂತ ಹೆಚ್ಚು ಪೂರ್ಣ ವೇಗದಲ್ಲಿ ಹಾಕಬೇಡಿ. ಬೆನ್ನಿನ ಒಂದೇ ಪಕ್ಕದಲ್ಲಿ, ಹಿಂದಕ್ಕೆ ಬಾಗಿದಾಗ ನೋವು ಹೆಚ್ಚಾದರೆ ಮುಲಾಮು ಹಚ್ಚಿಕೊಂಡು ಆಡುವುದಲ್ಲ, ವೈದ್ಯರಿಗೆ ತೋರಿಸುವುದು.

ಶುರುವಿಗೆ ಹತ್ತು ನಿಮಿಷ ಮೈ ಬಿಸಿಮಾಡಿ. ವಾರಕ್ಕೆ ಎರಡು ದಿನ ಬಸ್ಕಿ, ದಂಡ, ಪ್ಲಾಂಕ್, ಒಂಟಿಗಾಲಿನ ಮೇಲೆ ನಿಲ್ಲುವುದು, ಇಷ್ಟಕ್ಕೆ ಜಿಮ್ ಬೇಡ. ಊಟದಲ್ಲಿ ಮೊಟ್ಟೆ, ಕಡಲೆ, ಕಾಳು, ರಾಗಿ ಇರಲಿ.

ರೈಲು ಹಿಡಿಯುವವರ ವಾರ

ದುಡಿಯುವ, ಓದುವ ಹುಡುಗರಿಗೆ ನನ್ನ ಸಲಹೆ ಹೀಗೆ. ಪ್ರತಿ ರಾತ್ರಿ ಹತ್ತು ನಿಮಿಷ ಮಲಗಿ ಚಿಮ್ಮಿಸುವ ಅಭ್ಯಾಸ. ರೈಲಿನಲ್ಲಿ ಸೀಟು ಸಿಕ್ಕರೆ ಚೆಂಡು ಕೈಯಲ್ಲಿರಲಿ, ನೋಡದೆ ಸೀಮ್ ಹುಡುಕಿ ಹಿಡಿಯುವುದನ್ನು ಬೆರಳಿಗೆ ಕಲಿಸಿ. ವಾರದ ನಡುವೆ ರಜೆಯೋ ಬೇಗ ಬಿಡುವೋ ಸಿಕ್ಕ ಎರಡು ಹೊತ್ತು, ಬೆಳಕಿದ್ದಾಗ ಅರ್ಧ ಗಂಟೆ ಗೆಳೆಯನ ಜೊತೆ ಮಂಡಿಯೂರಿ ಮತ್ತು ನಿಂತಲ್ಲಿಂದ. ಭಾನುವಾರ ಬೆಳಿಗ್ಗೆ ಚೌಕಕ್ಕೆ 24 ಚೆಂಡು, ವಿರಾಮ, ಆಮೇಲೆ ಬ್ಯಾಟರ್‌ನನ್ನು ನಿಲ್ಲಿಸಿ ಮೂರು ಓವರ್. ಅಷ್ಟೇ. ಗಂಟೆಗಟ್ಟಲೆ ಲೆಕ್ಕವಿಲ್ಲದೆ ಹಾಕುವುದಕ್ಕಿಂತ ಬರೆದಿಟ್ಟ ಈ 42 ಚೆಂಡುಗಳು ಹೆಚ್ಚು ಕೊಡುತ್ತವೆ.

ಬ್ಯಾಟರ್ ಎದುರು ಬಂದಾಗ ಹಾಕುವವರ ಕಣ್ಣು ಚೌಕದಿಂದ ಬ್ಯಾಟಿಗೆ ಹೋಗುತ್ತದೆ, ಅಂಕ ಇಳಿಯುತ್ತದೆ. ಇದು ಎಲ್ಲರಿಗೂ ಆಗುವುದೇ. ಗೆಳೆಯ ಅಂಪೈರ್ ಜಾಗದಲ್ಲಿ ನಿಂತು ಪ್ರತಿ ಚೆಂಡಿಗೂ ಮೊದಲು ‘ಎಲ್ಲಿ?’ ಎಂದು ಕೇಳಲಿ. ನೀವು ಜಾಗ ಹೇಳಿ ಹಾಕಿ.

ಪಂದ್ಯದ ಮೊದಲ ಓವರಿನಲ್ಲಿ ಆರೂ ಚೆಂಡು ನಿಮಗೆ ಚೆನ್ನಾಗಿ ಬರುವ ಸ್ವಿಂಗ್ ಒಂದನ್ನೇ ಹಾಕಿ. ಕ್ರೀಸಿನ ಒಂದೇ ಜಾಗದಿಂದ, ಒಂದೇ ಲೆಂತಿಗೆ. ಬ್ಯಾಟರ್ ಕಾಲು ಮುಂದಿಟ್ಟು ಡ್ರೈವ್ ಮಾಡುತ್ತಿದ್ದಾನೆಯೇ, ಕ್ರೀಸಿನಲ್ಲೇ ನಿಂತು ಬ್ಯಾಟ್ ಚಾಚುತ್ತಿದ್ದಾನೆಯೇ ನೋಡಿಕೊಳ್ಳಿ. ನಿಂತು ಚಾಚುವವನಿಗೆ ಎರಡನೇ ಸ್ಲಿಪ್ ಕೇಳಿ, ಚೆಂಡನ್ನು ಅರ್ಧ ಮೀಟರ್ ಮುಂದಕ್ಕೆ ಹಾಕಿ. ಮುಂದೆ ಬರುವವನಿಗೆ ಅದೇ ಸ್ವಿಂಗನ್ನು ಕ್ರೀಸಿನ ಅಂಚಿನಿಂದ, ಕೋನ ಬದಲಿಸಿ ಕೊಡಿ. ಬೌಂಡರಿ ಹೋದ ಮರುಚೆಂಡನ್ನು ಚಿಕ್ಕದು ಮಾಡುವ ಆಸೆ ಬರುತ್ತದೆ. ರನ್‌ಅಪ್ ಗುರುತಿಗೆ ಹಿಂದಿರುಗುವಾಗ ಸೀಮನ್ನು ಬೆರಳಿನಲ್ಲಿ ಸರಿಮಾಡಿಕೊಂಡು, ಮತ್ತೆ ಅದೇ ಜಾಗಕ್ಕೆ ಹಾಕಿ.